ಬೈಯುವ ಮೊದಲು 87 ನಿಮಿಷ

ಬೆಂಗಳೂರಿನ ಯಾವುದೇ ಐಟಿ ಆಫೀಸಿನಲ್ಲಿ ಶುಕ್ರವಾರ ಮೆಟಾಲಿಕಾ ಟೀ-ಶರ್ಟ್ ಹಾಕ್ಕೊಂಡು ಬರೋನು ಒಬ್ಬನಾದರೂ ಇದ್ದೇ ಇರ್ತಾನೆ. ಅವನ ಹತ್ತಿರ ‘ಲುಲು’ ಅಂತ ಒಂದೇ ಒಂದು ಶಬ್ದ ಹೇಳಿ ನೋಡಿ. ಮೊದಲು ನಗ್ತಾನೆ. ಆಮೇಲೆ ಮೇಜಿನ ಬಗ್ಗೆ ಒಂದು ಜೋಕು ಹೇಳ್ತಾನೆ. ಆಮೇಲೆ ‘ಅದು ಮೆಟಾಲಿಕಾ ಆಲ್ಬಮ್ಮೇ ಅಲ್ಲ ಬಿಡಿ’ ಅಂತ ತೀರ್ಪು ಕೊಡ್ತಾನೆ. ‘ಪೂರ್ತಿ ಕೇಳಿದ್ದೀರಾ?’ ಅಂತ ಕೇಳಿ. ಹತ್ತರಲ್ಲಿ ಒಂಬತ್ತು ಜನ ಕೇಳಿರೋದಿಲ್ಲ. ಕೇಳೋ ಅಗತ್ಯವೂ ಅವರಿಗೆ ಕಂಡಿಲ್ಲ. ಅದು ಕೆಟ್ಟದ್ದು ಅಂತ ಆಗಲೇ ತೀರ್ಮಾನ ಆಗಿಹೋಗಿದೆಯಲ್ಲ!

ನನ್ನ ತಕರಾರು ಇರೋದು ಈ ‘ಆಗಲೇ ತೀರ್ಮಾನ ಆಗಿಹೋಗಿದೆ’ ಅನ್ನೋದರ ಮೇಲೆ. ಲೂ ರೀಡ್ ಮತ್ತು ಮೆಟಾಲಿಕಾ ಸೇರಿ ಒಂದೇ ಒಂದು ಸಲ ಮಾಡಿದ ಈ ಆಲ್ಬಮ್ ಪರಿಪೂರ್ಣ ಅಂತ ನಾನು ವಾದ ಮಾಡ್ತಿಲ್ಲ. ಅದರಲ್ಲಿ ತಪ್ಪುಗಳಿವೆ, ಅವನ್ನೂ ಇಲ್ಲೇ ಹೇಳ್ತೇನೆ. ಆದರೆ ಅದನ್ನು ನಾವು ಬೈದ ರೀತಿ ಇದೆಯಲ್ಲ, ಅದು ಆಲ್ಬಮ್ಮಿಗಿಂತ ಹೆಚ್ಚಾಗಿ ನಮ್ಮ ಬಗ್ಗೆಯೇ ಹೇಳ್ತದೆ. ಅದು ಒಳ್ಳೆಯ ಮಾತಂತೂ ಅಲ್ಲ.

ಒಂದು ವಿಚಿತ್ರ ಕಾಕತಾಳೀಯದಿಂದ ಶುರು ಮಾಡೋಣ. ಮೆಟಾಲಿಕಾ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ನುಡಿಸಿದ್ದು 2011ರ ಅಕ್ಟೋಬರ್ 30ರಂದು. ದೆಹಲಿಯ ಪಕ್ಕದ ಗುರಗಾಂವ್‌ನಲ್ಲಿ ಎರಡು ದಿನ ಮುಂಚೆ ಆಗಬೇಕಿದ್ದ ಕಾರ್ಯಕ್ರಮ ರದ್ದಾಗಿ ಗಲಾಟೆ ಆಗಿತ್ತು. ಹಾಗಾಗಿ ಇಡೀ ದೇಶದ ಮೆಟಲ್ ಹುಡುಗರ ಕಣ್ಣು ಬೆಂಗಳೂರಿನ ಮೇಲೆ. ಅವತ್ತು ಅರಮನೆ ಮೈದಾನದಲ್ಲಿ ಸೇರಿದ ಜನ ಹಳೆಯ ಹಾಡುಗಳನ್ನು ಬ್ಯಾಂಡಿನ ಜೊತೆ ಗಂಟಲು ಹರಿಯೋ ಹಾಗೆ ಹಾಡಿದರು. ಮಾರನೇ ದಿನ, ಅಕ್ಟೋಬರ್ 31ಕ್ಕೆ, ‘ಲುಲು’ ಬಿಡುಗಡೆ ಆಯ್ತು. ಅಮೆರಿಕದಲ್ಲಿ ಇನ್ನೊಂದು ದಿನ ತಡ, ನವೆಂಬರ್ 1. ಅಂದರೆ ಗಂಟಲು ಕಟ್ಟಿಸಿಕೊಂಡು ಮನೆಗೆ ಹೋದ ಹುಡುಗರು ಬೆಳಿಗ್ಗೆ ಎದ್ದು, ಹಿಂದಿನ ರಾತ್ರಿ ದೇವರ ಹಾಗೆ ಕಂಡ ಅದೇ ನಾಲ್ಕು ಜನರನ್ನು ಬೈಯೋಕೆ ಕೂತರು. ಹನ್ನೆರಡು ಗಂಟೆಯಲ್ಲಿ ದೇವರು ದೆವ್ವ ಆಗಿದ್ದ.

ಅಸಲಿಗೆ ಬೈಗುಳ ಅದಕ್ಕೂ ಮೊದಲೇ ಶುರುವಾಗಿತ್ತು. ಸೆಪ್ಟೆಂಬರಿನಲ್ಲಿ ‘ದ ವ್ಯೂ’ ಅನ್ನೋ ಹಾಡಿನ 30 ಸೆಕೆಂಡಿನ ತುಣುಕೊಂದು ಹೊರಬಂತು. ಅಷ್ಟು ಸಾಕಾಯ್ತು. ಹಾಡು ಪೂರ್ತಿ ಬಂದಾಗ ಅದರಲ್ಲಿ ಜೇಮ್ಸ್ ಹೆಟ್‌ಫೀಲ್ಡ್ ಮೇಜಿನ ಬಗ್ಗೆ ಕೂಗುವ ಒಂದು ಸಾಲು ಸಿಕ್ಕಿತು. ಅದು ಮೀಮ್ ಆಯ್ತು. ಆಲ್ಬಮ್ಮಿನ ಒಟ್ಟು ಉದ್ದ 87 ನಿಮಿಷ, ಎರಡು ಡಿಸ್ಕು, ಹತ್ತು ಹಾಡು. ಲೋಕ ತೀರ್ಪು ಕೊಟ್ಟಿದ್ದು ಅರ್ಧ ನಿಮಿಷಕ್ಕೆ ಮತ್ತು ಒಂದು ಸಾಲಿಗೆ. ನಾವು ಕೋಡ್ ಬರೆಯುವವರು. ಯಾರಾದರೂ ನಮ್ಮ ಎರಡು ವರ್ಷದ ಕೆಲಸದಲ್ಲಿ ಒಂದು ಸಾಲು ತೆಗೆದು ಪ್ರೊಜೆಕ್ಟರಿಗೆ ಹಾಕಿ ಇಡೀ ಮೀಟಿಂಗು ನಗೋ ಹಾಗೆ ಮಾಡಿದರೆ ನಾವು ಏನಂತೀವಿ? ‘ಸ್ವಾಮಿ, ಅದರ ಹಿಂದೆ ಮುಂದೆ ಏನಿದೆ ನೋಡಿ’ ಅಂತೀವಿ. ಅಷ್ಟೇ ಮರ್ಯಾದೆ ಇನ್ನೊಬ್ಬರ ಕೆಲಸಕ್ಕೂ ಕೊಡಬೇಕಲ್ಲ.

ಹಾಗಾದರೆ ಹಿಂದೆ ಮುಂದೆ ಏನಿದೆ?

2009ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮಿನ 25ನೇ ವರ್ಷದ ಕಾರ್ಯಕ್ರಮ. ಅಲ್ಲಿ ಲೂ ರೀಡ್ ಮೆಟಾಲಿಕಾ ಜೊತೆ ತನ್ನ ಹಳೆಯ ವೆಲ್ವೆಟ್ ಅಂಡರ್‌ಗ್ರೌಂಡ್ ಹಾಡುಗಳನ್ನು ಹಾಡಿದರು. ಕೆಮಿಸ್ಟ್ರಿ ಕೂಡಿಬಂತು. ಒಂದು ಆಲ್ಬಮ್ ಮಾಡೋಣ ಅಂತ ಮಾತಾಯ್ತು. ಮೊದಲ ಯೋಚನೆ ತೀರಾ ಸುರಕ್ಷಿತವಾದದ್ದು: ರೀಡ್‌ರ ಹಳೆಯ ಹಾಡುಗಳನ್ನೇ ಮೆಟಾಲಿಕಾ ಹಿನ್ನೆಲೆಯಲ್ಲಿ ಮತ್ತೆ ನುಡಿಸೋದು. ಅದನ್ನು ಮಾಡಿದ್ದರೆ ಎಲ್ಲರೂ ಖುಷಿಯಾಗ್ತಿದ್ದರು, ಎಲ್ಲರೂ ಮರೀತಿದ್ದರು. ಆದರೆ ಆ ಹೊತ್ತಿಗೆ ರೀಡ್ ಬರ್ಲಿನ್ನಿನ ಬರ್ಲಿನರ್ ಆನ್ಸಾಂಬ್ಲ್ ರಂಗತಂಡಕ್ಕೆ, ರಾಬರ್ಟ್ ವಿಲ್ಸನ್ ನಿರ್ದೇಶನದ ನಾಟಕವೊಂದಕ್ಕೆ ಹಾಡುಗಳನ್ನು ಬರೆದಿದ್ದರು. ಆ ನಾಟಕವೇ ‘ಲುಲು’. ನಿರ್ಮಾಪಕ ಹ್ಯಾಲ್ ವಿಲ್ನರ್ ಮತ್ತು ರೀಡ್ ಇಬ್ಬರೂ ಅದನ್ನೇ ಎತ್ತಿಕೊಳ್ಳೋಣ ಅಂದರು. ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿರೋ ಮೆಟಾಲಿಕಾದವರ ಸ್ವಂತ ಸ್ಟುಡಿಯೋದಲ್ಲಿ 2011ರ ಏಪ್ರಿಲಿನಿಂದ ಜೂನ್ ಒಳಗೆ ಕೆಲಸ ಮುಗೀತು.

ಈ ಅವಧಿಯನ್ನು ಗಮನಿಸಿ. 1991ರ ಕಪ್ಪು ಹೊದಿಕೆಯ ಆಲ್ಬಮ್ಮಿಗೆ ಇದೇ ಬ್ಯಾಂಡು ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂತಿತ್ತು. ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಅಳೆದು ಸುರಿದು ಮಾಡೋ ಜನ ಅವರು. ಅಂಥವರನ್ನು 69 ವರ್ಷದ ಒಬ್ಬ ಮುದುಕ ಒಂದು ಕೋಣೆಯಲ್ಲಿ ನಿಲ್ಲಿಸಿ ‘ನಾನು ಓದ್ತೇನೆ, ನೀವು ನುಡಿಸಿ’ ಅನ್ನೋ ಹಾಗೆ ಕೆಲಸ ಮಾಡಿಸಿದ. ಎಷ್ಟೋ ಕಡೆ ಮೊದಲ ಸಲ ನುಡಿಸಿದ್ದನ್ನೇ ಇಟ್ಟುಕೊಂಡರು. ಮೂವತ್ತು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಪದ್ಧತಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರೋದು ಅಂದ್ರೆ ಸಣ್ಣ ಮಾತಲ್ಲ ಮಾರಾಯ್ರೆ.

ಈಗ ಕಥೆ. ಜರ್ಮನ್ ನಾಟಕಕಾರ ಫ್ರಾಂಕ್ ವೇಡೆಕಿಂಟ್ ಲುಲು ಅನ್ನೋ ಹೆಣ್ಣಿನ ಮೇಲೆ ಎರಡು ನಾಟಕ ಬರೆದ. ‘ಭೂಚೇತನ’ ಅಂತ ಕನ್ನಡದಲ್ಲಿ ಹೇಳಬಹುದಾದ ಮೊದಲನೆಯದು 1895ರದ್ದು. ‘ಪ್ಯಾಂಡೋರಾಳ ಪೆಟ್ಟಿಗೆ’ 1904ರದ್ದು. ಬೀದಿಯಿಂದ ಬಂದ ಹುಡುಗಿ. ಒಬ್ಬ ಪತ್ರಿಕಾ ಮಾಲೀಕ ಅವಳನ್ನು ಸಾಕ್ತಾನೆ, ಇಟ್ಟುಕೊಳ್ತಾನೆ, ಇನ್ನೊಬ್ಬರಿಗೆ ಮದುವೆ ಮಾಡಿಕೊಡ್ತಾನೆ, ಕೊನೆಗೆ ತಾನೇ ಕಟ್ಟಿಕೊಳ್ತಾನೆ. ಅವಳ ಸುತ್ತ ಬಂದ ಗಂಡಸರು ಒಬ್ಬೊಬ್ಬರಾಗಿ ಸಾಯ್ತಾರೆ. ಕೊನೆಗೆ ಅವಳು ಲಂಡನ್ನಿನ ಬಡ ಕೋಣೆಯೊಂದರಲ್ಲಿ ಜ್ಯಾಕ್ ದ ರಿಪ್ಪರ್ ಕೈಯಲ್ಲಿ ಕೊಲೆಯಾಗ್ತಾಳೆ. ಈ ಕಥೆ ಯುರೋಪಿನವರನ್ನು ನೂರು ವರ್ಷದಿಂದ ಕಾಡ್ತಾ ಬಂದಿದೆ. ಪಾಬ್ಸ್ಟ್ 1929ರಲ್ಲಿ ಲೂಯೀಸ್ ಬ್ರೂಕ್ಸ್‌ಳನ್ನು ಹಾಕ್ಕೊಂಡು ಮೂಕಿ ಚಿತ್ರ ಮಾಡಿದ. ಆಲ್ಬನ್ ಬೆರ್ಗ್ ಒಪೆರಾ ಬರೆದ, ಮುಗಿಸೋದರೊಳಗೆ ತೀರಿಕೊಂಡ.

ಆ ನಾಟಕದಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿಷಯ ಇದೆ. ಲುಲು ಅಂತ ಅವಳನ್ನು ಎಲ್ಲರೂ ಕರೆಯೋದಿಲ್ಲ. ಒಬ್ಬ ಗಂಡ ನೆಲ್ಲಿ ಅಂತಾನೆ. ಇನ್ನೊಬ್ಬ ಈವ್ ಅಂತಾನೆ. ಸಾಕಿದವನು ಮಿನ್ಯೋಂ ಅಂತಾನೆ. ಪ್ರತಿಯೊಬ್ಬನೂ ತನಗೆ ಬೇಕಾದ ಹೆಸರಿಟ್ಟು, ಅವಳು ಆ ಹೆಸರಿನ ಹಾಗೆ ಇರಬೇಕು ಅಂತ ಬಯಸ್ತಾನೆ. ಇಲ್ಲದಿದ್ದರೆ ಅವಳಿಂದ ಮೋಸ ಆಯ್ತು ಅಂತಾನೆ. ಈಗ ಆಲ್ಬಮ್ಮಿನ ಗತಿ ನೋಡಿ. ಮೆಟಾಲಿಕಾ ಫ್ಯಾನುಗಳಿಗೆ ಅದು ‘ಮಾಸ್ಟರ್ ಆಫ್ ಪಪೆಟ್ಸ್’ ಆಗಬೇಕಿತ್ತು. ರೀಡ್‌ರ ಹಳೆಯ ಭಕ್ತರಿಗೆ ಅದು ವೆಲ್ವೆಟ್ ಅಂಡರ್‌ಗ್ರೌಂಡ್ ಆಗಬೇಕಿತ್ತು. ಅದು ಎರಡೂ ಆಗಲಿಲ್ಲ. ಎರಡೂ ಕಡೆಯವರು ಮೋಸ ಆಯ್ತು ಅಂದರು. ವೇಡೆಕಿಂಟ್ ಬದುಕಿದ್ದರೆ ಈ ನಾಟಕಕ್ಕೆ ಮೂರನೇ ಭಾಗ ಬರೀತಿದ್ದನೋ ಏನೋ.

ಇನ್ನು ಆರೋಪಗಳಿಗೆ ಬರೋಣ.

ಮೊದಲನೆಯದು, ‘ಮುದುಕನಿಗೆ ಹಾಡೋಕೆ ಬರೋದಿಲ್ಲ. ರಿಫ್ ಒಂದು ಕಡೆ, ಇವನ ಗೊಣಗಾಟ ಇನ್ನೊಂದು ಕಡೆ.’ ಕೇಳಿದವರೂ ಹೇಳೋ ಮಾತಿದು, ಹಾಗಾಗಿ ಇದಕ್ಕೆ ಉತ್ತರ ಕೊಡಲೇಬೇಕು. ರೀಡ್ ಈ ಆಲ್ಬಮ್ಮಿನಲ್ಲಿ ಹಾಡ್ತಿಲ್ಲ, ನಿಜ. ಮಾತಾಡ್ತಿದ್ದಾರೆ. ಅದಕ್ಕೆ ಕಿವಿ ಹೊಂದಿಸಿಕೊಳ್ಳೋಕೆ ಅಮೆರಿಕದ ಹುಡುಗನಿಗೆ ಕಷ್ಟ ಆಗಬಹುದು. ಕರಾವಳಿ-ಮಲೆನಾಡಿನ ಕಡೆ ಹುಟ್ಟಿದವರಿಗೆ ಯಾಕೆ ಕಷ್ಟ ಆಗಬೇಕು? ನಮ್ಮೂರ ಕಡೆ ಮಳೆಗಾಲದಲ್ಲಿ ಆಟದ ಮೇಳಗಳಿಗೆ ಬಿಡುವು. ಆಗ ತಾಳಮದ್ದಳೆ. ಭಾಗವತರು ಪದ್ಯ ಹಾಡ್ತಾರೆ, ಚೆಂಡೆ-ಮದ್ದಳೆ ಇರ್ತದೆ. ಆಮೇಲೆ ಅರ್ಥಧಾರಿ ಮಾತು ಶುರು ಮಾಡ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು, ಶಾಲು ಹೊದ್ದು, ನೆಲದ ಮೇಲೆ ಕೂತ ಎಪ್ಪತ್ತರ ಅಜ್ಜ ‘ನಾನು ಅಂಬೆ’ ಅಂತ ಶುರು ಮಾಡಿ ಭೀಷ್ಮನ ಎದುರು ಮುಕ್ಕಾಲು ಗಂಟೆ ವಾದ ಮಾಡ್ತಾರೆ. ಹೆಣ್ಣಿನ ಧ್ವನಿ ಅನುಕರಣೆ ಮಾಡೋದಿಲ್ಲ. ಗಡಸು ಗಂಟಲು ಹಾಗೇ ಇರ್ತದೆ. ಆದರೂ ಹತ್ತು ನಿಮಿಷದಲ್ಲಿ ಅಲ್ಲಿ ಅಜ್ಜ ಕಾಣೋದಿಲ್ಲ, ಅವಮಾನ ಆದ ಹೆಣ್ಣು ಕಾಣ್ತಾಳೆ. ಅರ್ಥಧಾರಿಗೆ ರಾಗ ಬರೋದಿಲ್ಲ ಅಂತ ಯಾರಾದರೂ ಎದ್ದು ಹೋದದ್ದನ್ನು ನಾನು ನೋಡಿಲ್ಲ.

‘ಲುಲು’ವನ್ನು ಹಾಗೆ ಕೇಳಿ ನೋಡಿ. ಮೆಟಾಲಿಕಾ ಇಲ್ಲಿ ಹಿಮ್ಮೇಳ, ರೀಡ್ ಅರ್ಥಧಾರಿ. ಮೊದಲ ಹಾಡು ‘ಬ್ರ್ಯಾಂಡೆನ್‌ಬರ್ಗ್ ಗೇಟ್’ನಲ್ಲಿ ಅಕೂಸ್ಟಿಕ್ ಗಿಟಾರಿನ ಮೇಲೆ ರೀಡ್ ಮೆಲ್ಲಗೆ ಶುರು ಮಾಡ್ತಾರೆ, ಬ್ಯಾಂಡು ಒಮ್ಮೆಲೇ ಮೇಲೆ ಬಿದ್ದಾಗಲೂ ಅವರ ಧ್ವನಿ ಏರೋದಿಲ್ಲ. ಹಿಂದಿನಿಂದ ಹೆಟ್‌ಫೀಲ್ಡ್ ಒಂದೇ ನುಡಿಗಟ್ಟನ್ನು ಮತ್ತೆ ಮತ್ತೆ ಕೂಗ್ತಾರೆ, ಭಾಗವತರು ಪಲ್ಲವಿಗೆ ವಾಪಸು ಬಂದ ಹಾಗೆ. ‘ಪಂಪಿಂಗ್ ಬ್ಲಡ್’ನಲ್ಲಿ ಸಾಯ್ತಿರೋ ಹೆಣ್ಣೇ ಮಾತಾಡ್ತಾಳೆ. ಅವಳ ಮಾತು ಮುದುಕನ ಬಾಯಲ್ಲಿ, ತಾಳ ತಪ್ಪಿ, ಉಸಿರು ಕಟ್ಟಿ ಬರ್ತದೆ. ಸುಂದರವಾಗಿ ಹಾಡಿದ್ದರೆ ಅದು ಸುಳ್ಳಾಗ್ತಿತ್ತು. ಅಲ್ಲಿ ಡ್ರಮ್ಮಿಗೂ ಮಾತಿಗೂ ಹೊಂದಾಣಿಕೆ ಇಲ್ಲ ಅಂತ ದೂರುವವರು, ಕತ್ತಿ ಹೊಟ್ಟೆಯೊಳಗಿರೋ ಹೆಣ್ಣಿನಿಂದ ತಾಳಬದ್ಧ ಹಾಡು ನಿರೀಕ್ಷೆ ಮಾಡ್ತಿದ್ದಾರೆ.

ಎರಡನೆಯ ಆರೋಪ, ‘ಇದು ಮೆಟಾಲಿಕಾ ಅಲ್ಲ.’ ಇದಕ್ಕೆ ನನಗೆ ಸಿಟ್ಟು ಬರ್ತದೆ. ಯಾವುದು ಮೆಟಾಲಿಕಾ ಅಂತ ನಿಶ್ಚಯ ಮಾಡೋಕೆ ನೀವು ಯಾರು? 1984ರಲ್ಲಿ ‘ಫೇಡ್ ಟು ಬ್ಲ್ಯಾಕ್’ನಲ್ಲಿ ಅಕೂಸ್ಟಿಕ್ ಗಿಟಾರ್ ಬಂದಾಗ ಇವರು ಮಾರಾಟ ಆದರು ಅಂದಿರಿ. 1989ರಲ್ಲಿ ‘ಒನ್’ ಹಾಡಿಗೆ ವಿಡಿಯೋ ಮಾಡಿದಾಗ ಮತ್ತೆ ಅದನ್ನೇ ಅಂದಿರಿ. 1991ರಲ್ಲಿ ಹಾಡುಗಳ ವೇಗ ಇಳಿಯಿತು ಅಂತ ಅಂದಿರಿ. 1996ರಲ್ಲಿ ಕೂದಲು ಕತ್ತರಿಸಿಕೊಂಡರು ಅಂತ ಅಂದಿರಿ, ಕ್ಷೌರಕ್ಕೂ ನಿಮ್ಮ ಅಪ್ಪಣೆ ಬೇಕಿತ್ತು! 2003ರಲ್ಲಿ ‘ಸೇಂಟ್ ಆ್ಯಂಗರ್’ನ ಡ್ರಮ್ಮಿನ ಸದ್ದು ತಗಡಿನ ಡಬ್ಬದ ಹಾಗಿದೆ ಅಂದಿರಿ, ಅದು ಸ್ವಲ್ಪ ನಿಜ, ಬಿಡಿ. ಈ ಪಟ್ಟಿಯಲ್ಲಿ ಮೊದಲ ಮೂರು ಈಗ ನಿಮಗೆ ದೇವರ ಪಟ. ಅವತ್ತು ದ್ರೋಹ ಆಗಿದ್ದು ಇವತ್ತು ಪರಂಪರೆ. ಅರಮನೆ ಮೈದಾನದಲ್ಲಿ ಗಂಟಲು ಹರಿದುಕೊಂಡು ಹಾಡಿದ್ದೂ ಅವನ್ನೇ. ಅವರು ನಿಮ್ಮ ಮಾತು ಕೇಳಿದ್ದರೆ ಆ ಹಾಡುಗಳು ಹುಟ್ಟುತ್ತಲೇ ಇರಲಿಲ್ಲ.

ಅಭಿಮಾನಿ ಅನ್ನೋನು ಗಿರಾಕಿ ಆಗಿಬಿಟ್ಟಾಗ ಹೀಗಾಗ್ತದೆ. ದರ್ಶಿನಿಯಲ್ಲಿ ಮಸಾಲೆ ದೋಸೆ ಹೇಳಿದವನಿಗೆ ಮಸಾಲೆ ದೋಸೆಯೇ ಬರಬೇಕು, ನಿನ್ನೆಯ ರುಚಿಯೇ ಬರಬೇಕು. ಅದು ನ್ಯಾಯ. ಹಾಡು ದೋಸೆಯಲ್ಲ. ದುಡ್ಡು ಕೊಟ್ಟು ನಾವು ಕೊಂಡದ್ದು ಒಂದು ಆಲ್ಬಮ್, ಅದನ್ನು ಮಾಡಿದವರ ಮುಂದಿನ ಇಪ್ಪತ್ತು ವರ್ಷವನ್ನು ಕೊಂಡಿಲ್ಲ.

ಮೂರನೆಯದು ಅಂಕಿ-ಅಂಶದ ಆರೋಪ. ನಮ್ಮ ಜನಕ್ಕೆ ಇದು ಬಹಳ ಪ್ರೀತಿ. ‘ಪಿಚ್‌ಫೋರ್ಕ್ ಹತ್ತಕ್ಕೆ ಒಂದು ಕೊಟ್ಟಿದೆ. ಮೊದಲ ವಾರ ಅಮೆರಿಕದಲ್ಲಿ ಸುಮಾರು 13 ಸಾವಿರ ಪ್ರತಿ, ಬಿಲ್‌ಬೋರ್ಡಿನಲ್ಲಿ 36ನೇ ಸ್ಥಾನ. ಅದರ ಹಿಂದಿನ 2008ರ ‘ಡೆತ್ ಮ್ಯಾಗ್ನೆಟಿಕ್’ ಮೂರು ದಿನದಲ್ಲಿ ನಾಲ್ಕೂ ಮುಕ್ಕಾಲು ಲಕ್ಷ ದಾಟಿ ಒಂದನೇ ಸ್ಥಾನಕ್ಕೆ ಹೋಗಿತ್ತು. ಇನ್ನೇನು ಬೇಕು ಸಾಕ್ಷಿ?’ ಎಲ್ಲ ಸರಿ. ಆದರೆ ರೀಡ್‌ರ ವಿಷಯದಲ್ಲಿ ಈ ಸಾಕ್ಷಿ ನಿಲ್ಲೋದಿಲ್ಲ. ಅವರ ಮೊದಲ ಆಲ್ಬಮ್, 1967ರ ‘ದ ವೆಲ್ವೆಟ್ ಅಂಡರ್‌ಗ್ರೌಂಡ್ ಆ್ಯಂಡ್ ನಿಕೋ’, ಬಂದಾಗ ಬಿಲ್‌ಬೋರ್ಡಿನಲ್ಲಿ 171ನೇ ಸ್ಥಾನ ದಾಟಲಿಲ್ಲ. ಇವತ್ತು ಅದಿಲ್ಲದೆ ರಾಕ್ ಸಂಗೀತದ ಚರಿತ್ರೆ ಬರೆಯೋಕಾಗೋದಿಲ್ಲ. 1973ರ ‘ಬರ್ಲಿನ್’ ಅನ್ನು ದುರಂತ ಅಂತ ಬೈದರು. 2006ರಲ್ಲಿ ಅದೇ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನ್ಯೂಯಾರ್ಕಿನ ರಂಗಮಂದಿರದಲ್ಲಿ ನುಡಿಸಿದರು. ಜೂಲಿಯನ್ ಶ್ನಾಬೆಲ್ ಅದನ್ನೇ ಸಿನಿಮಾ ಮಾಡಿದ. 1975ರ ‘ಮೆಟಲ್ ಮಷೀನ್ ಮ್ಯೂಸಿಕ್’ ಬರೀ ಗಿಟಾರಿನ ಫೀಡ್‌ಬ್ಯಾಕ್ ಗದ್ದಲ, ಅದನ್ನು ಕೊಂಡವರು ಅಂಗಡಿಗೆ ವಾಪಸು ಕೊಟ್ಟರು. 2002ರಲ್ಲಿ ಬರ್ಲಿನ್ನಿನಲ್ಲಿ ತ್ಸೈಟ್‌ಕ್ರಾಟ್ಸರ್ ಅನ್ನೋ ತಂಡ ಆ ಗದ್ದಲವನ್ನು ಸ್ವರಲಿಪಿಗೆ ಇಳಿಸಿ ಪಿಟೀಲು-ತುತ್ತೂರಿಗಳಲ್ಲಿ ನುಡಿಸಿತು. ಈ ಮನುಷ್ಯನ ವಿಷಯದಲ್ಲಿ ಮೊದಲ ವಾರದ ಲೆಕ್ಕ ಮೂರು ಸಲ ತಪ್ಪಾಗಿದೆ. ನಾಲ್ಕನೇ ಸಲವೂ ಅದೇ ಲೆಕ್ಕ ಹಿಡ್ಕೊಂಡು ಬರೋರಿಗೆ ಏನು ಹೇಳೋದು?

ಹಾಗಂತ ಬೈಗುಳ ತಿಂದದ್ದೆಲ್ಲ ಮುಂದೆ ಮಹಾಕೃತಿ ಆಗ್ತದೆ ಅಂತಲ್ಲ. ಆ ತರ್ಕ ಹಿಡಿದರೆ ಫ್ಲಾಪ್ ಆದ ಪ್ರತಿ ಸಿನಿಮಾದ ನಿರ್ದೇಶಕನೂ ಮೇಧಾವಿ ಆಗಬೇಕಾಗ್ತದೆ. ಆದ್ದರಿಂದ ಈಗ ಮಾತು ಕೊಟ್ಟ ಹಾಗೆ ತಪ್ಪುಗಳ ಪಟ್ಟಿ. ‘ಮಿಸ್ಟ್ರೆಸ್ ಡ್ರೆಡ್’ನಲ್ಲಿ ಒಂದೇ ವೇಗದ ರಿಫ್ ಏಳು ನಿಮಿಷ ಹತ್ತಿರ ಗರಗಸದ ಹಾಗೆ ಕೊಯ್ತದೆ, ಮಾತು ಅದರ ಕೆಳಗೆ ಸಿಕ್ಕಿ ಸಾಯ್ತದೆ. ‘ಚೀಟ್ ಆನ್ ಮಿ’ ಹನ್ನೊಂದು ನಿಮಿಷ ದಾಟ್ತದೆ, ಏಳಕ್ಕೆ ನಿಲ್ಲಿಸಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಕೆಲವು ಕಡೆ ಹೆಟ್‌ಫೀಲ್ಡ್‌ಗೆ ತಾನು ಏನು ಮಾಡಬೇಕು ಅಂತಲೇ ಗೊತ್ತಾಗಿಲ್ಲ ಅನ್ನಿಸ್ತದೆ. ಆ ಮೇಜಿನ ಸಾಲು ಅಂಥದ್ದೇ. ಕಡೆಯದಾಗಿ, ಗಂಭೀರವಾದದ್ದು ಇದು: ಹೆಣ್ಣಿನ ಮೇಲಾದ ಹಿಂಸೆಯ ಕಥೆಯನ್ನು ಐದು ಜನ ಗಂಡಸರು ಹೇಳ್ತಾರೆ, ಅದನ್ನು ಮೊದಲು ಬರೆದವನೂ ಗಂಡಸು. ಅಲ್ಲಲ್ಲಿ ಅವರು ಅವಳ ನೋವಿಗಿಂತ ಅದರ ರಕ್ತದಲ್ಲೇ ಹೆಚ್ಚು ಆಸಕ್ತರು ಅನ್ನಿಸ್ತದೆ. ಈ ಆಕ್ಷೇಪ ಎತ್ತಿದವರ ಜೊತೆ ನಾನು ಗಂಟೆಗಟ್ಟಲೆ ಮಾತಾಡೋಕೆ ತಯಾರಿದ್ದೇನೆ. ಯಾಕೆಂದರೆ ಅವರು ಕೇಳಿದ್ದಾರೆ. ಇದು ವಿಮರ್ಶೆ. ಮೇಜಿನ ಜೋಕು ಸೋಮಾರಿತನ.

ಕೊನೆಯ ಹಾಡಿಗೆ ಬಾರದೆ ಈ ಆಲ್ಬಮ್ಮಿನ ಬಗ್ಗೆ ಮಾತು ಮುಗಿಸೋ ಹಾಗಿಲ್ಲ. ‘ಜೂನಿಯರ್ ಡ್ಯಾಡ್’, ಹತ್ತೊಂಬತ್ತೂವರೆ ನಿಮಿಷ. ನಾಟಕದ ಲುಲು ಇಲ್ಲಿ ಹಿಂದೆ ಸರಿದು ಅಪ್ಪ ಮುಂದೆ ಬರ್ತಾನೆ. ಮುಳುಗುವವನ ಮೊರೆಯ ಹಾಗೆ ಶುರುವಾಗಿ, ಸಿಟ್ಟು ಎಲ್ಲಿ ಮುಗಿದು ಪ್ರೀತಿ ಎಲ್ಲಿ ಶುರು ಅಂತ ಗೊತ್ತಾಗದ ಹಾಗೆ ಸಾಗ್ತದೆ. ರೀಡ್ ಈ ಹಾಡನ್ನು ಮೊದಲ ಸಲ ಕೇಳಿಸಿದಾಗ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಸ್ಟುಡಿಯೋ ಬಿಟ್ಟು ಅಡುಗೆಮನೆಗೆ ಓಡಿ ಅತ್ತರು. ಅವರ ಅಪ್ಪ ತೀರಿಕೊಂಡು ಕೆಲವೇ ವಾರ ಆಗಿತ್ತು. ಹಿಂದೆಯೇ ಹೆಟ್‌ಫೀಲ್ಡ್ ಬಂದರು, ಅವರ ಕಣ್ಣಲ್ಲೂ ನೀರು. ಹೆಟ್‌ಫೀಲ್ಡ್ ಹುಡುಗ ಆಗಿದ್ದಾಗ ಅವರ ಅಪ್ಪ ಮನೆ ಬಿಟ್ಟು ಹೋಗಿದ್ದರು. ಇದನ್ನು ಹ್ಯಾಮೆಟ್ ತಾವೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಕ್ರೀಡಾಂಗಣ ತುಂಬಿಸೋ ಇಬ್ಬರು ಗಂಡಸರು ಅಡುಗೆಮನೆಯಲ್ಲಿ ನಿಂತು ಅತ್ತ ಆಲ್ಬಮ್ ಇದು. ಹಾಡಿನ ಮಾತುಗಳು ಮುಗಿದ ಮೇಲೆ ತಂತಿವಾದ್ಯದ ಒಂದು ದೀರ್ಘ ಗುಂಗು ನಿಮಿಷಗಟ್ಟಲೆ ಹಾಗೇ ಉಳೀತದೆ. ಏನೂ ಆಗೋದಿಲ್ಲ. ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಜಗಲಿಯಲ್ಲಿ ಉಳಿಯೋ ಸಂಜೆ ಇದೆಯಲ್ಲ, ಹಾಗೆ.

ಆ ನಿಮಿಷಗಳನ್ನು ಯಾವ ಮೀಮಿನೊಳಗೆ ತುರುಕ್ತೀರಿ?

ಈ ಹಾಡು ರೀಡ್‌ರ ಕೊನೆಯ ಸ್ಟುಡಿಯೋ ಆಲ್ಬಮ್ಮಿನ ಕೊನೆಯ ಹಾಡಾಯ್ತು. 2013ರ ಅಕ್ಟೋಬರ್ 27ರಂದು ಅವರು ತೀರಿಕೊಂಡರು. 2015ರಲ್ಲಿ ಅವರನ್ನು ಹಾಲ್ ಆಫ್ ಫೇಮಿಗೆ ಸೇರಿಸಿದಾಗ ಅವರ ಹೆಂಡತಿ, ಸ್ವತಃ ದೊಡ್ಡ ಕಲಾವಿದೆ ಆಗಿರುವ ಲೋರಿ ಆ್ಯಂಡರ್ಸನ್, ಒಂದು ವಿಷಯ ಹೇಳಿದರು. ರೀಡ್‌ರ ಎಲ್ಲ ಕೆಲಸಗಳಲ್ಲಿ ‘ಲುಲು’ವೇ ದೊಡ್ಡದು, ‘ಬರ್ಲಿನ್’ನ ಹಾಗೆ ಇದೂ ಜನಕ್ಕೆ ಮುಟ್ಟೋಕೆ ಸಮಯ ಬೇಕು ಅಂತ ಡೇವಿಡ್ ಬೋವಿ ತಮಗೆ ಹೇಳಿದ್ದರಂತೆ. ಬೋವಿ ಹೇಳಿದ ಮಾತ್ರಕ್ಕೆ ನೀವು ಒಪ್ಪಬೇಕಿಲ್ಲ, ನಾನೂ ಪೂರ್ತಿ ಒಪ್ಪೋದಿಲ್ಲ. ಆದರೆ ಅವರು ಕೇಳಿ ಹೇಳಿದ ಮಾತದು.

ಇನ್ನೊಂದು ಆಕ್ಷೇಪ ಉಳೀತು, ಅದು ಎಲ್ಲಕ್ಕಿಂತ ಗಟ್ಟಿಯಾದದ್ದು. ‘ಅವರೆಲ್ಲ ಕೋಟ್ಯಧಿಪತಿಗಳು ಸ್ವಾಮಿ. ಸ್ವಂತ ಸ್ಟುಡಿಯೋ, ಕೈತುಂಬ ದುಡ್ಡು. ಸೋತರೂ ಏನು ಹೋಗ್ತದೆ? ಹೊಸ ಹುಡುಗರು ಹೀಗೆ ಮಾಡಿದ್ದರೆ ಯಾವ ಕಂಪನಿಯೂ ಹೊರತರ್ತಿರಲಿಲ್ಲ. ಇದನ್ನು ಧೈರ್ಯ ಅಂತ ಕರೀಬೇಡಿ, ಶೋಕಿ ಅನ್ನಿ.’

ಪೂರ್ತಿ ನಿಜ. ಸೋತರೆ ಅವರಿಗೆ ಹೋಗೋದು ಏನೂ ಇರಲಿಲ್ಲ. ಹೋಗಲೂ ಇಲ್ಲ. ಮೆಟಾಲಿಕಾ 2016ರಲ್ಲಿ ಮತ್ತೆ ವೇಗದ ಹಾಡುಗಳಿಗೆ ಮರಳಿತು, ಜನ ಮತ್ತೆ ಮುಗಿಬಿದ್ದರು. ಆದರೆ ಈ ವಾದದಿಂದ ಹೊರಡೋ ತೀರ್ಮಾನ ಏನು? ಸೋತರೂ ಅನ್ನಕ್ಕೆ ತೊಂದರೆ ಇಲ್ಲದವರು ಹೊಸದನ್ನು ಮಾಡಬಾರದು ಅಂತಲೋ? ಹಾಗಾದರೆ ಯಾರು ಮಾಡಬೇಕು? ಇಎಂಐ ಕಟ್ಟೋಕೆ ಕಷ್ಟಪಡೋ ಹುಡುಗನೋ? ನಮ್ಮಪ್ಪ ಮೂರು ಎಕರೆ ಅಡಿಕೆ ತೋಟದಲ್ಲಿ ಹೊಸ ಬೆಳೆ ಹಾಕೋ ಮುಂಚೆ ಹತ್ತು ಸಲ ಯೋಚನೆ ಮಾಡ್ತಿದ್ದರು. ಒಂದು ವರ್ಷ ಕೈಕೊಟ್ಟರೆ ಮುಂದಿನ ವರ್ಷದ ಫೀಸಿಗೆ ಸೊಸೈಟಿ ಸಾಲ. ಅವರಿಗೆ ಎಚ್ಚರಿಕೆ ಅನಿವಾರ್ಯ. ಕೈಯಲ್ಲಿ ಇರುವವನು ಎಚ್ಚರಿಕೆಯಿಂದ ಇದ್ದರೆ ಅದು ಅನಿವಾರ್ಯ ಅಲ್ಲ, ಹೆದರಿಕೆ.

ಮೆಟಾಲಿಕಾ ಮತ್ತು ರೀಡ್ ಮಟ್ಟದ ಹೆಚ್ಚಿನ ಕಲಾವಿದರು ಇಂಥ ಹಂತದಲ್ಲಿ ಏನು ಮಾಡ್ತಾರೆ ಗೊತ್ತಲ್ಲ. ಹಳೆಯ ಹಿಟ್‌ಗಳ ಸಂಕಲನ. ಇಪ್ಪತ್ತೈದನೇ ವರ್ಷದ ವಿಶೇಷ ಆವೃತ್ತಿ. ಎರಡು ದೊಡ್ಡ ಹೆಸರು ಒಟ್ಟಿಗೆ ಬಂದರಂತೂ ಇಬ್ಬರೂ ತಮ್ಮ ತಮ್ಮ ಚಪ್ಪಾಳೆಯ ಜಾಗ ಅಳೆದು ಹಂಚಿಕೊಂಡು, ಯಾರಿಗೂ ನೋವಾಗದ ಒಂದು ಆಲ್ಬಮ್ ಮಾಡಿ ಕೈಕುಲುಕಿ ಹೋಗ್ತಾರೆ. ಸೂಪರ್‌ಗ್ರೂಪ್ ಅನ್ನೋದು ಬಹುಪಾಲು ಹೀಗೇ. ಇವರ ಮುಂದೆಯೂ ಆ ದಾರಿ ಇತ್ತು, ಅದೇ ಮೊದಲ ಯೋಚನೆಯೂ ಆಗಿತ್ತು. ಬಿಟ್ಟುಕೊಟ್ಟರು. ಈ ಬಿಟ್ಟುಕೊಡೋದಕ್ಕೆ ಬೆಲೆ ಕೊಡೋದನ್ನು ಕಲೀಬೇಕು, ಬಂದ ಫಲ ಹುಳಿಯಾಗಿದ್ದರೂ.

ಯಾಕೆ ಕಲೀಬೇಕು ಅಂದ್ರೆ, ಇದು ಬರೀ ಸಂಗೀತದ ಮಾತಲ್ಲ. ನಮ್ಮದೂ ತಿಂಗಳ ಕೊನೆಗೆ ತಪ್ಪದೆ ಸಂಬಳ ಬರೋ ಬದುಕು. ನಮ್ಮ ಅಪ್ಪ-ಅಮ್ಮಂದಿರಿಗೆ ಹೋಲಿಸಿದರೆ ಸೋಲಿನ ಖರ್ಚು ನಮಗೆ ಬಹಳ ಕಮ್ಮಿ. ಆದರೂ ವಾರಾಂತ್ಯದಲ್ಲಿ ಒಂದು ಕಥೆ ಬರೆಯೋಕೆ, ಒಂದು ಪೇಟಿ ಕಲಿಯೋಕೆ, ಊರಿನ ಶಾಲೆಯ ಮಕ್ಕಳಿಗೆ ಒಂದು ನಾಟಕ ಮಾಡಿಸೋಕೆ ಮುಂಚೆ ‘ಇದರಿಂದ ಏನು ಪ್ರಯೋಜನ? ಮುಂದೆ ಇದನ್ನು ಎಲ್ಲಿಗೆ ತಗೊಂಡು ಹೋಗೋದು? ಜನ ನಕ್ಕರೆ?’ ಅಂತ ಕೇಳಿಕೊಳ್ತೀವಿ. ಒಂದೇ ಸಲ ಮಾಡಿ ಬಿಟ್ಟುಬಿಡೋ ಕೆಲಸಕ್ಕೆ ನಮ್ಮ ಲೆಕ್ಕದಲ್ಲಿ ಕಾಲಂ ಇಲ್ಲ. ಮಾಡಿದ್ದೆಲ್ಲ ಬೆಳೀಬೇಕು, ಮತ್ತೆ ಮತ್ತೆ ಆಗಬೇಕು, ರೆಸ್ಯೂಮೆಯಲ್ಲಿ ಒಂದು ಸಾಲಾಗಬೇಕು. ‘ಜನ ನಕ್ಕರೆ?’ ಅನ್ನೋ ಪ್ರಶ್ನೆಯಿದೆಯಲ್ಲ, ಆ ನಗುವ ಜನ ಎಲ್ಲಿಂದ ಬರ್ತಾರೆ? 30 ಸೆಕೆಂಡು ಕೇಳಿ ನಗೋ ನಮ್ಮೊಳಗಿಂದಲೇ ಬರ್ತಾರೆ. ಇನ್ನೊಬ್ಬರ ಪ್ರಯತ್ನಕ್ಕೆ ನಾವು ಎಷ್ಟು ಸುಲಭವಾಗಿ ನಗ್ತೀವೋ, ನಮ್ಮ ಕೈ ಅಷ್ಟೇ ಗಟ್ಟಿಯಾಗಿ ಕಟ್ಟಿಹೋಗ್ತದೆ. ‘ಲುಲು’ವನ್ನು ನೋಡಿ ನಕ್ಕವನು ಮನೆಯಲ್ಲಿ ಗಿಟಾರ್ ಹೊರಗೆ ತೆಗೆಯೋಕೆ ನಾಚಿಕೆಪಟ್ಟರೆ ಆಶ್ಚರ್ಯ ಏನಿದೆ?

ಮೆಚ್ಚಿ ಅಂತ ನಾನು ಹೇಳ್ತಿಲ್ಲ. ಈ ಆಲ್ಬಮ್ ಬಹಳ ಜನಕ್ಕೆ ಹಿಡಿಸೋದಿಲ್ಲ, ಹಿಡಿಸದೇ ಇರೋ ಹಕ್ಕು ಎಲ್ಲರಿಗೂ ಇದೆ. ನಾನು ಕೇಳ್ತಿರೋದು ಬಹಳ ಸಣ್ಣದು. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಕ್ಯಾಬ್ ಒಳಗೆ ಕೂತು ನಾವು ಸುಮ್ಮನೆ ಕಳೆಯೋ ಸಮಯವೇ ವಾರಕ್ಕೆ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಒಂದು ದಿನ ಹೆಡ್‌ಫೋನ್ ಹಾಕಿ, ಫೋನ್ ಬ್ಯಾಗಿನೊಳಗಿಟ್ಟು, ‘ಬ್ರ್ಯಾಂಡೆನ್‌ಬರ್ಗ್ ಗೇಟ್’ನಿಂದ ‘ಜೂನಿಯರ್ ಡ್ಯಾಡ್’ನ ಕೊನೆಯ ಗುಂಗಿನವರೆಗೆ ಕೂತುಬಿಡಿ. 87 ನಿಮಿಷ. ಆಮೇಲೂ ಇದು ಕಸ ಅನ್ನಿಸಿದರೆ ಬನ್ನಿ. ಯಾವ ಹಾಡು, ಎಷ್ಟನೇ ನಿಮಿಷ, ಯಾಕೆ ಅಂತ ಹೇಳಿ. ಒಂದು ಫಿಲ್ಟರ್ ಕಾಫಿ ನನ್ನ ಲೆಕ್ಕಕ್ಕೆ, ಕೂತು ಸರಿಯಾಗಿ ಜಗಳ ಆಡೋಣ.